ಬಿಸಿಲಿನಿಂದ ಜಲಜನಕ: ಮೂರು ಅಂಕಿಗಳ ಹಿನ್ನೆಲೆ

ನ್ಯಾನೊ ವಸ್ತುಗಳ ನೆರವಿನಿಂದ, ಬರೀ ಬೆಳಕಿನಲ್ಲಿ ನೀರನ್ನು ಒಡೆದು ಜಲಜನಕ ಪಡೆಯುವ ಸಂಶೋಧನೆಯ ಬಗ್ಗೆ ಓದುವವರಿಗೆ ಮೂರು ಅಂಕಿಗಳು ಎದುರಾಗುತ್ತವೆ: 2020ರಲ್ಲಿ ಶೇ 96, 2021ರಲ್ಲಿ ಶೇ 0.76, 2023ರಲ್ಲಿ ಶೇ 9.2. ಮೂರೂ ನಿಜವೇ, ಆದರೆ ಮೂರರ ಲೆಕ್ಕವೂ ಬೇರೆ ಬೇರೆ.

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ, ಗೋಡೆಯ ಬಿಳಿ ಬಣ್ಣದಲ್ಲೂ ಇರುವ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಹಾಯಿಸಿ ನೀರನ್ನು ಒಡೆದು ತೋರಿಸಿದರು. ಅದು ಹೀರುವ ನೇರಳಾತೀತ ಬೆಳಕು ಬಿಸಿಲಿನಲ್ಲಿ ಇರುವುದೇ ಶೇ 5ರ ಆಸುಪಾಸು. ಗೋಚರ ಬೆಳಕು ಹೀರುವ ಕ್ಯಾಡ್ಮಿಯಂ ಸಲ್ಫೈಡ್ ಬೆಳಕಿಗೆ ತಾನೇ ಸವೆಯುತ್ತಿತ್ತು. 2009ರಲ್ಲಿ, ಗೋಚರ ಬೆಳಕು ಹೀರಿಯೂ ಹಾಗೆ ಸವೆಯದ ಕಾರ್ಬನ್ ನೈಟ್ರೈಡ್ ಬಂದಿತು. ಇಂಥ ವಸ್ತುಗಳ ಪುಡಿಯ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮೇಲೇಳುತ್ತದೆ, ಅದು ಬಿಟ್ಟ ಜಾಗ ರಂಧ್ರವಾಗಿ ಉಳಿಯುತ್ತದೆ. ಹೊರಮೈಯಲ್ಲಿ ನೀರು ಸಿಕ್ಕಾಗ ಎಲೆಕ್ಟ್ರಾನ್ ಜಲಜನಕವನ್ನು, ರಂಧ್ರ ಆಮ್ಲಜನಕವನ್ನು ಬಿಡಿಸುತ್ತದೆ. ಅದಕ್ಕೆ ಮೊದಲೇ ಎರಡೂ ಮತ್ತೆ ಕೂಡಿಕೊಂಡರೆ ಆ ಬೆಳಕು ವ್ಯರ್ಥ. ಪುಡಿ ನುಣ್ಣಗಾದಷ್ಟೂ ಎಲೆಕ್ಟ್ರಾನಿಗೆ ಹೊರಮೈ ಹತ್ತಿರವಾಗುವುದರಿಂದ ನ್ಯಾನೊ ಗಾತ್ರಕ್ಕೆ ಬೆಲೆ ಬಂದಿತು.

ನಾನು ಹತ್ತಿರದಿಂದ ಕಂಡದ್ದು ಪ್ರಯೋಗಾಲಯದ ಹಂತವನ್ನು. ಬಿಸಿಲಿನ ಬದಲಿಗೆ ಬಳಸುವ ಕ್ಸೆನಾನ್ ದೀಪದ ಮುಂದೆ ಗಾಜಿನ ಪಾತ್ರೆ, ಅದರೊಳಗೆ ಪ್ಲಾಟಿನಂ ಹಚ್ಚಿ ಬೂದುಬಣ್ಣಕ್ಕೆ ತಿರುಗಿದ ಹತ್ತೇ ಮಿಲಿಗ್ರಾಂ ಪುಡಿ, ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿ ಅನಿಲ ಎಳೆಯುವ ಸಿರಿಂಜ್. ಆ ನೀರಿಗೆ ಮೆಥನಾಲ್ ಬೆರೆಸುವುದು ರೂಢಿ. ರಂಧ್ರಗಳನ್ನು ಮೆಥನಾಲ್ ತುಂಬಿಕೊಡುವುದರಿಂದ, ಆಮ್ಲಜನಕ ಬಿಡಿಸುವ ಕಷ್ಟದ ಅರ್ಧ ಕೆಲಸ ಅಲ್ಲಿ ನಡೆಯುವುದೇ ಇಲ್ಲ. ಬಂದ ಅನಿಲವನ್ನು ನೂರರಿಂದ ಗುಣಿಸಿ, ಒಂದು ಗ್ರಾಂ ಪುಡಿಗೆ ಗಂಟೆಗೆ ಇಷ್ಟು ಎಂದು ಬರೆಯಲಾಗುತ್ತದೆ. ಪುಡಿಗಳನ್ನು ಹೋಲಿಸಲು ಇದು ಸರಿಯಾದ ಕ್ರಮವೇ ಆದರೂ, ಬಿಸಿಲಿನಲ್ಲಿ ಎಷ್ಟು ಇಂಧನ ಸಿಕ್ಕೀತೆಂಬ ಪ್ರಶ್ನೆಗೆ ಉತ್ತರ ಇದರಲ್ಲಿಲ್ಲ.

ಶೇ 96 ಎಂಬುದು ಬಿದ್ದ ಬೆಳಕಿನ ಕಣಗಳಲ್ಲಿ ಕೆಲಸಕ್ಕೆ ಬಂದವುಗಳ ಪಾಲು; ಉಳಿದೆರಡು ಅಂಕಿಗಳು ಬಿದ್ದ ಬೆಳಕಿನ ಶಕ್ತಿಯಲ್ಲಿ ಜಲಜನಕವಾಗಿ ಉಳಿದ ಪಾಲು. ಶೇ 96ನ್ನು ಮೆಥನಾಲ್ ಇಲ್ಲದೆಯೇ ಸಾಧಿಸಿದ್ದು, ಆದರೆ ನೇರಳಾತೀತ ಬೆಳಕಿನ ಒಂದು ಸಣ್ಣ ಪಟ್ಟಿಯಲ್ಲಿ ಮಾತ್ರ. ಶೇ 9.2 ಬಂದದ್ದು ಒಂದೆಡೆಗೆ ಸಾಂದ್ರಗೊಳಿಸಿದ ಬೆಳಕಿನಲ್ಲಿ. ಅದೇ ವಿಧಾನ ನೈಜ ಬಿಸಿಲಿನ ದೊಡ್ಡ ವ್ಯವಸ್ಥೆಯಲ್ಲಿ ಶೇ 6.2 ಕೊಟ್ಟಿತು. ಶೇ 0.76 ಮಾತ್ರ ಜಪಾನಿನಲ್ಲಿ 100 ಚದರ ಮೀಟರ್ ಫಲಕಗಳನ್ನು ಬಯಲಿಗಿಟ್ಟು ಪಡೆದ ಗರಿಷ್ಠ ಅಂಕಿ. ಜಲಜನಕ ಮತ್ತು ಆಮ್ಲಜನಕ ಒಟ್ಟಿಗೇ ಹೊರಬರುವ ಸ್ಫೋಟಕ ಮಿಶ್ರಣದಿಂದ ಜಲಜನಕವನ್ನು ಪೊರೆಯ ಮೂಲಕ ಬೇರ್ಪಡಿಸಿದ್ದೂ ಆ ಪ್ರಯೋಗದಲ್ಲೇ. ಮೂರರಲ್ಲಿ ಚಿಕ್ಕದಾದ ಈ ಅಂಕಿಯೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಕೊಡಗಿನಲ್ಲಿ ಕಾಫಿ ಒಣಗಿಸುವ, ಅದೇ 100 ಚದರ ಮೀಟರಿನ ಒಂದು ಕಣವನ್ನು ಎಣಿಸೋಣ. ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಬಿಸಿಲು ಬಿದ್ದರೆ, ಶೇ 0.76ರ ಲೆಕ್ಕದಲ್ಲಿ ಸಿಗುವುದು ದಿನಕ್ಕೆ ಸುಮಾರು 115 ಗ್ರಾಂ ಜಲಜನಕ. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದಲ್ಲಿ ಅದರ ಬಹುಪಾಲು ಸಿಗುವುದಿಲ್ಲ. ಆದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗಳು ಓಡಿ, ಸಿಹಿ ಅಂಟಿನ ಕೊಳೆನೀರು ಉಳಿಯುವುದು ಚಳಿಗಾಲದ ಒಳ್ಳೆಯ ಬಿಸಿಲಿನಲ್ಲೇ. ಮೆಥನಾಲಿನ ಜಾಗದಲ್ಲಿ ಆ ನೀರಿನ ಸಕ್ಕರೆ ಕೆಲಸ ಮಾಡಬಲ್ಲದು ಎಂಬುದು ತತ್ತ್ವತಃ ಸರಿ. ಬೆಳಕನ್ನು ಪುಡಿಗೆ ಮುಟ್ಟಗೊಡದ ಅದರ ಕಂದು ಬಣ್ಣವನ್ನು ಮೊದಲು ತೆಗೆಯಬೇಕಾಗುತ್ತದೆ.