ಕಸವೆಂದುಕೊಂಡಿದ್ದ ಒಮೇಗಾ ಮತ್ತು ಮೂರು ಗಾಡಿಗಳ ಒಂದೇ ಕಡಾಣಿ

1969ರಲ್ಲಿ ಹಾರ್ವರ್ಡ್‌ನ ರಿಚರ್ಡ್ ಬರ್ಜೆಸ್, ಇ. ಕೊಲೈ ಬ್ಯಾಕ್ಟೀರಿಯಾದಿಂದ ಶುದ್ಧಗೊಳಿಸಿದ ಆರ್‌ಎನ್‌ಎ ಪಾಲಿಮರೇಸ್ ಕಿಣ್ವವನ್ನು ಜೆಲ್ ಮೇಲೆ ಓಡಿಸಿ ಅದರ ಬಿಡಿಭಾಗಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿದರು. ಡಿಎನ್‌ಎ ಓದಿಕೊಂಡು ಆರ್‌ಎನ್‌ಎ ನಕಲು ತೆಗೆಯುವ ಕಿಣ್ವ ಅದು. ಮೇಲುಭಾಗದಲ್ಲಿ ಬೀಟಾ, ಬೀಟಾ ಪ್ರೈಮ್, ಸಿಗ್ಮಾ, ಆಲ್ಫಾ ಎಂಬ ದೊಡ್ಡ ಪಟ್ಟಿಗಳು ಕಂಡವು. ತೀರಾ ಕೆಳಗೆ ಇನ್ನೊಂದು ಚಿಕ್ಕ ಪಟ್ಟಿಯಿತ್ತು. ಗ್ರೀಕ್ ಅಕ್ಷರಮಾಲೆಯ ಕೊನೆಯ ಅಕ್ಷರವೇ ಅದರ ಪಾಲಿಗೆ ಬಂತು: ಒಮೇಗಾ.

ನಕಲನ್ನು ಎಲ್ಲಿಂದ ಶುರು ಮಾಡಬೇಕೆಂದು ತೋರಿಸುವ ಸಿಗ್ಮಾ ಬೇಗನೆ ಹೆಸರು ಮಾಡಿತು. ಒಮೇಗಾಕ್ಕೆ ಮಾತ್ರ ಕೆಲಸವೇ ಸಿಗಲಿಲ್ಲ. ಅದಿಲ್ಲದೆಯೂ ಪ್ರನಾಳದಲ್ಲಿ ನಕಲು ಸರಾಗವಾಗಿ ನಡೆಯುತ್ತಿತ್ತು. ಶುದ್ಧೀಕರಣದಲ್ಲಿ ಜೊತೆಗೆ ಅಂಟಿಕೊಂಡು ಬಂದ ಕಸವಿರಬೇಕು ಎಂಬ ಅನುಮಾನ ವರ್ಷಗಟ್ಟಲೆ ಉಳಿಯಿತು. 1986ರಲ್ಲಿ ಅದರ ಜೀನ್ ಸಿಕ್ಕಿತು. ಮುಂದೆ ಆ ಜೀನನ್ನು ಕೆಡಿಸಿ ನೋಡಿದಾಗಲೂ ಬ್ಯಾಕ್ಟೀರಿಯಾ ಬದುಕಿಯೇ ಇತ್ತು. ಅಲ್ಲಿಗೆ ಒಮೇಗಾದ ಮೇಲಿದ್ದ ಅಲ್ಪಸ್ವಲ್ಪ ಆಸಕ್ತಿಯೂ ಇಳಿಯಿತು.

ಅದೇ 1969ರಲ್ಲಿ, ಅಮೆರಿಕದ ಇನ್ನೊಂದು ತುದಿಯ ಸಿಯಾಟಲ್‌ನಲ್ಲಿ, ರಾಬರ್ಟ್ ರೋಡರ್ ಮತ್ತು ವಿಲಿಯಂ ರಟ್ಟರ್ ಬೇರೆಯೇ ಒಂದು ಸಂಗತಿ ಕಂಡುಕೊಂಡರು. ಇಲಿಯ ಯಕೃತ್ತು, ಕಡಲ ಮುಳ್ಳುಚೆಂಡಿನ (ಸೀ ಅರ್ಚಿನ್) ಭ್ರೂಣ ಇಂಥವುಗಳ ಜೀವಕೋಶದಲ್ಲಿ ಒಂದಲ್ಲ, ಹಲವು ಪಾಲಿಮರೇಸ್‌ಗಳಿದ್ದವು. ಮೊದಲನೆಯದು ಪ್ರೋಟೀನು ಕಟ್ಟುವ ರೈಬೋಸೋಮ್‌ಗೆ ಬೇಕಾದ ದೊಡ್ಡ ಆರ್‌ಎನ್‌ಎಗಳನ್ನು ತಯಾರಿಸುತ್ತದೆ, ಎರಡನೆಯದು ಪ್ರೋಟೀನುಗಳ ಸಂದೇಶವಾಹಕವನ್ನು, ಮೂರನೆಯದು ಟಿಆರ್‌ಎನ್‌ಎಯಂಥ ಪುಟ್ಟ ಆರ್‌ಎನ್‌ಎಗಳನ್ನು. ಈ ಕೆಲಸದ ಹಂಚಿಕೆ ನಿಧಾನವಾಗಿ ಸ್ಪಷ್ಟವಾಯಿತು. ಅದಕ್ಕೆ ನೆರವಾದದ್ದು ಒಂದು ವಿಷದ ಅಣಬೆ. ಅದರ ಆಲ್ಫಾ ಅಮಾನಿಟಿನ್ ಎರಡನೆಯ ಪಾಲಿಮರೇಸನ್ನು ತೀರಾ ಕಡಿಮೆ ಪ್ರಮಾಣದಲ್ಲೇ ಕಟ್ಟಿಹಾಕುತ್ತದೆ, ಮೊದಲನೆಯದಕ್ಕೆ ಏನೂ ಮಾಡುವುದಿಲ್ಲ.

ಮೂರು ಕೆಲಸಕ್ಕೆ ಮೂರು ಯಂತ್ರ ಎಂದಮೇಲೆ ಬಿಡಿಭಾಗಗಳೂ ಬೇರೆಬೇರೆ ಎಂದುಕೊಳ್ಳುವುದು ಸಹಜ. ಫ್ರಾನ್ಸಿನ ಸಾಕ್ಲೆಯಲ್ಲಿ ಆಂದ್ರೆ ಸೆಂಟೆನಾಕ್ ಮತ್ತು ಪಿಯೆರ್ ಫ್ರೊಮಾಜೊ ಅವರ ತಂಡ ಯೀಸ್ಟ್‌ನ ಪಾಲಿಮರೇಸ್‌ಗಳನ್ನು ಪ್ರತಿಕಾಯಗಳಿಂದ ಪರೀಕ್ಷಿಸಿದಾಗ ಆ ಎಣಿಕೆ ತಪ್ಪಿತು. ಒಂದರ ವಿರುದ್ಧ ತಯಾರಿಸಿದ ಪ್ರತಿಕಾಯ ಇನ್ನೊಂದರ ಚಿಕ್ಕ ತುಂಡುಗಳನ್ನೂ ಹಿಡಿಯುತ್ತಿತ್ತು. ಅವರು ಕೊಟ್ಟ ಹೆಸರುಗಳಲ್ಲೇ ಈ ಕಥೆಯಿದೆ: ಎಬಿಸಿ27, ಎಬಿಸಿ23, ಎಬಿಸಿ14.5... ಎ, ಬಿ, ಸಿ ಎಂದರೆ ಮೂರು ಪಾಲಿಮರೇಸ್‌ಗಳು, ಮುಂದಿನ ಅಂಕಿ ತುಂಡಿನ ತೂಕ, ಕಿಲೋಡಾಲ್ಟನ್‌ಗಳಲ್ಲಿ. ಮೂರಕ್ಕೂ ಸಾಮಾನ್ಯವಾದ ಇಂಥ ಉಪಘಟಕಗಳು ಐದು. ಈಗ ಅವನ್ನು ಆರ್‌ಪಿಬಿ5, 6, 8, 10, 12 ಎನ್ನುತ್ತಾರೆ. ನನಗೇನೋ ಹಳೆಯ ಹೆಸರೇ ಇಷ್ಟ. ‘ಆರ್‌ಪಿಬಿ’ ಎಂದಾಗ ಇವು ಎರಡನೆಯ ಪಾಲಿಮರೇಸಿನ ಸ್ವಂತ ಆಸ್ತಿ ಎಂಬ ಭ್ರಮೆ ಹುಟ್ಟುತ್ತದೆ.

1990ರಲ್ಲಿ ನ್ಯಾನ್ಸಿ ವಾಯ್ಚಿಕ್, ರಿಚರ್ಡ್ ಯಂಗ್ ಮತ್ತು ಸಂಗಡಿಗರು 5, 6, 8ರ ಜೀನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಯಾವುದನ್ನು ತೆಗೆದರೂ ಯೀಸ್ಟ್ ಉಳಿಯಲಿಲ್ಲ. ಮೂರು ಗಾಡಿಗಳಿಗೂ ಒಂದೇ ಅಳತೆಯ ಕಡಾಣಿ. ಅದು ಸಿಗದಿದ್ದರೆ ಮೂರೂ ನಿಂತಲ್ಲೇ. ಐದು ವರ್ಷಗಳ ನಂತರ ಇನ್ನೂ ಸೋಜಿಗದ ಫಲಿತಾಂಶ ಬಂತು. ಈ ಐದರಲ್ಲಿ ನಾಲ್ಕನ್ನು ತೆಗೆದು ಅವುಗಳ ಜಾಗಕ್ಕೆ ಮನುಷ್ಯನದ್ದನ್ನು ಕೊಟ್ಟರೂ ಯೀಸ್ಟ್ ಬೆಳೆಯಿತು. ಒಗ್ಗದಿದ್ದದ್ದು ಆರ್‌ಪಿಬಿ5 ಒಂದೇ.

ಈ ನಡುವೆ ಒಮೇಗಾವನ್ನು ಕೈಬಿಡದವರು ನಮ್ಮಲ್ಲಿದ್ದರು. ಮೊದಲು ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ), ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ದೀಪಂಕರ್ ಚಟರ್ಜಿ ಮತ್ತು ಅವರ ವಿದ್ಯಾರ್ಥಿಗಳು ಪ್ರಶ್ನೆಯನ್ನೇ ಬದಲಿಸಿದರು. ಓಡುತ್ತಿರುವ ಯಂತ್ರಕ್ಕೆ ಒಮೇಗಾ ಬೇಡದಿರಬಹುದು, ಯಂತ್ರ ಜೋಡಿಸುವಾಗ? ಪಾಲಿಮರೇಸಿನ ಮಡಿಕೆಗಳನ್ನು ರಾಸಾಯನಿಕದಿಂದ ಬಿಚ್ಚಿ, ಮತ್ತೆ ಮಡಿಚಿಕೊಳ್ಳಲು ಬಿಟ್ಟರು. ಒಮೇಗಾ ಇದ್ದಲ್ಲಿ ಕಿಣ್ವಕ್ಕೆ ಹಳೆಯ ಕಸುವು ಮರಳಿತು. ಇಲ್ಲದಲ್ಲಿ ಪೂರ್ತಿ ಮರಳಲಿಲ್ಲ. ಹಾಗಾದರೆ ಒಮೇಗಾ ಇಲ್ಲದ ಬ್ಯಾಕ್ಟೀರಿಯಾ ಬದುಕಿದ್ದು ಹೇಗೆ? ಅಂಥ ಜೀವಕೋಶದಿಂದ ತೆಗೆದ ಪಾಲಿಮರೇಸಿಗೆ ಗ್ರೋ-ಇಎಲ್ ಎಂಬ ಪ್ರೋಟೀನು ಅಂಟಿಕೊಂಡಿತ್ತು. ಬೇರೆ ಪ್ರೋಟೀನುಗಳು ಸರಿಯಾಗಿ ಮಡಿಚಿಕೊಳ್ಳುವಂತೆ ನೋಡಿಕೊಳ್ಳುವುದೇ ಅದರ ಕಸುಬು. ಒಮೇಗಾದ ಕೆಲಸಕ್ಕೆ ಬದಲಿ ಆಳು ಬಂದಿದ್ದ, ಅಷ್ಟೇ. ಕ್ಷಯದ ರೋಗಾಣುವಿನ ಸಾಧು ಬಂಧು ಎನ್ನಬಹುದಾದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ನಲ್ಲಿ ಇದೇ ಜೀನ್ ತೆಗೆದಾಗ, ಅದು ಬದುಕಿದರೂ ಒಟ್ಟಾಗಿ ಪದರಗಟ್ಟಿ ಬೆಳೆಯುವ ಗುಣ ಕುಂದಿತು.

ಎರಡು ಕಥೆಗಳೂ 2001ರಲ್ಲಿ ಕೂಡಿಕೊಂಡವು. ರೋಜರ್ ಕಾರ್ನ್‌ಬರ್ಗ್ ತಂಡ ಯೀಸ್ಟ್‌ನ ಎರಡನೆಯ ಪಾಲಿಮರೇಸಿನ ರಚನೆಯನ್ನು ಪರಮಾಣು ಮಟ್ಟದ 2.8 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಪ್ರಕಟಿಸಿದ್ದು ಆ ವರ್ಷ. 2006ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಈ ಬಗೆಯ ಸಂಶೋಧನೆಗೆ. 2001ರಲ್ಲೇ ಇನ್ನೊಂದು ತಂಡ, ಬ್ಯಾಕ್ಟೀರಿಯಾದ ಒಮೇಗಾ ಮತ್ತು ನಮ್ಮ ಆರ್‌ಪಿಬಿ6 ಒಂದೇ ವಂಶದವು ಎಂದು ತೋರಿಸಿತು. ಎರಡೂ ಕೂರುವುದು ಒಂದೇ ಜಾಗದಲ್ಲಿ, ಅತಿದೊಡ್ಡ ಉಪಘಟಕದ (ಬ್ಯಾಕ್ಟೀರಿಯಾದಲ್ಲಿ ಬೀಟಾ ಪ್ರೈಮ್) ಬಾಲದ ತುದಿಯನ್ನು ಸುತ್ತಿಹಿಡಿದು, ಅದು ಸಡಿಲವಾಗದಂತೆ. ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಲ್ಲೂ ಇದೇ ತುಂಡು ‘ಕೆ’ ಎಂಬ ಹೆಸರಿನಲ್ಲಿದೆ.

ಹಂಚಿಕೆಯ ನಿಯಮ ಎಲ್ಲೆಡೆ ಒಂದೇ ಅಲ್ಲ. ಗಿಡಗಳಲ್ಲಿ ನಾಲ್ಕನೆಯ, ಐದನೆಯ ಪಾಲಿಮರೇಸ್‌ಗಳೂ ಇವೆ. ಐದನೆಯದು ಆರ್‌ಪಿಬಿ5ರ ತನ್ನದೇ ಮಾದರಿಯೊಂದನ್ನು ಇಟ್ಟುಕೊಂಡಿದೆ.

ಒಮೇಗಾದ ಜೀನ್ ಇ. ಕೊಲೈನಲ್ಲಿ ಒಂಟಿಯಾಗಿಲ್ಲ ಎಂಬುದು 1989ರಲ್ಲೇ ದಾಖಲಾಗಿತ್ತು. ಪಕ್ಕದಲ್ಲೇ ಇರುವುದು ಎಸ್‌ಪಿಒ-ಟಿ ಎಂಬ ಜೀನ್. ಬ್ಯಾಕ್ಟೀರಿಯಾ ಹಸಿದಾಗ ಪಿಪಿಜಿಪಿಪಿ ಎಂಬ ಪುಟ್ಟ ಅಣು ಹೆಚ್ಚುತ್ತದೆ, ರೈಬೋಸೋಮ್ ತಯಾರಿಕೆಗೆ ಕಡಿವಾಣ ಬೀಳುತ್ತದೆ. ಆ ಅಣುವಿನ ಲೆಕ್ಕಾಚಾರ ನೋಡಿಕೊಳ್ಳುವುದು ಎಸ್‌ಪಿಒ-ಟಿಯ ಪ್ರೋಟೀನು. ಈ ನೆರೆಹೊರೆ ಕಾಕತಾಳೀಯವೆಂದು ತಳ್ಳಿಹಾಕಬಹುದಿತ್ತು. 2013ರಲ್ಲಿ ಪಿಪಿಜಿಪಿಪಿ ಪಾಲಿಮರೇಸಿನ ಮೇಲೆ ಎಲ್ಲಿ ಕೂರುತ್ತದೆ ಎಂಬುದರ ಚಿತ್ರಗಳು ಬಂದವು. ಅದು ಕೂತಿದ್ದು ಬೀಟಾ ಪ್ರೈಮ್ ಮತ್ತು ಒಮೇಗಾ ಕೂಡುವ ಸಂದಿನಲ್ಲಿ.