ದುರ್ವಾಸನೆ ಮರದ ತೊಗಟೆ ಮತ್ತು ಒಂದು ಉಂಗುರದ ಕಥೆ

ಅಮೆರಿಕದ ರಸಾಯನ ವಿಜ್ಞಾನಿಗಳಾದ ಮನ್ರೋ ವಾಲ್ ಮತ್ತು ಮನ್‌ಸುಖ್ ವಾಣಿ 1966ರಲ್ಲಿ ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದನ್ನೇ ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿ ಕಂಡರು. ಮಹಾರಾಷ್ಟ್ರದವರ ನರಕ್ಯಾ ಇದೇ. ಕ್ಯಾಂಪ್ಟೊಥೆಸಿನ್‌ನಿಂದ ತಯಾರಾದ ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಿಗಳಿಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕಾಡಿನ ಮರಕ್ಕೆ ಕೊಡಲಿ ಬೀಳತೊಡಗಿತು.

ಕ್ಯಾಂಪ್ಟೊಥೆಸಿನ್ ಒಂದು ಆಲ್ಕಲಾಯ್ಡ್ (ಸಾರಜನಕವಿರುವ, ಸಾಮಾನ್ಯವಾಗಿ ಪ್ರತ್ಯಾಮ್ಲ ಗುಣದ ಸಸ್ಯವಸ್ತು) ಆದರೂ ಆಲ್ಕಲಾಯ್ಡಿನಂತೆ ವರ್ತಿಸುವುದಿಲ್ಲ. ಕ್ವಿನೈನ್‌ಗೆ ಒಗ್ಗುವ ಹಳೆಯ ಪಾಠ, ಅಂದರೆ ಆಮ್ಲದಲ್ಲಿ ಕರಗಿಸಿ, ಅಮೋನಿಯಾ ಹಾಕಿ, ಕ್ಲೋರೋಫಾರ್ಮಿಗೆ ಎಳೆಯುವುದು, ಇಲ್ಲಿ ಕೈಕೊಡುತ್ತದೆ. ಅದರ ಸಾರಜನಕ ಬಹಳ ದುರ್ಬಲ ಪ್ರತ್ಯಾಮ್ಲ. ಆಲ್ಕಲಾಯ್ಡ್ ಇದ್ದರೆ ಬಣ್ಣ ತೋರುವ ಡ್ರಾಗೆನ್‌ಡಾರ್ಫ್ ಪರೀಕ್ಷೆಯೂ ಸುಮ್ಮನಿರುತ್ತದೆ. ಹೆಚ್ಚು ಕ್ಷಾರ ಸೇರಿದರೆ ಅದರ ಅಣುವಿನಲ್ಲಿರುವ ಲ್ಯಾಕ್ಟೋನ್ ಎಂಬ ಉಂಗುರ ಬಿಚ್ಚಿಕೊಂಡು ವಸ್ತು ಉಪ್ಪಾಗಿ ನೀರಿಗೆ ಜಾರುತ್ತದೆ, ಆಮ್ಲ ಬೆರೆಸಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟದ್ದು ಈ ಸೋಡಿಯಂ ಉಪ್ಪನ್ನೇ. ಮೂತ್ರಕೋಶಕ್ಕೆ ತೀವ್ರ ಹಾನಿಯಾಗಿ ಪ್ರಯೋಗ ನಿಂತಿತು.

ಹಾಗಾಗಿ ತೊಗಟೆಯಿಂದ ವಸ್ತುವನ್ನು ಬೇರ್ಪಡಿಸುವ ಕೆಲಸ ಹೀಗೆ ಸಾಗುತ್ತದೆ. ನೆರಳಲ್ಲಿ ಒಣಗಿಸಿ ಪುಡಿಮಾಡಿದ 100 ಗ್ರಾಂ ತೊಗಟೆಯಿಂದ ಮೊದಲು ಹೆಕ್ಸೇನ್‌ನಲ್ಲಿ ಜಿಡ್ಡು ತೆಗೆಯಬೇಕು. ನಂತರ 500 ಮಿಲಿ ಮೆಥನಾಲ್‌ನಲ್ಲಿ ಒಂದೊಂದು ದಿನದಂತೆ ಮೂರು ಸಲ ನೆನೆಸಬೇಕು. ಬಂದ ದ್ರಾವಣವನ್ನು ಕಡಿಮೆ ಒತ್ತಡದಲ್ಲಿ, 45 ಡಿಗ್ರಿ ಮೀರದಂತೆ ಇಳಿಸಿ, ನೀರಿನಲ್ಲಿ ಕದಡಿ ಕ್ಲೋರೋಫಾರ್ಮಿಗೆ ಎಳೆಯಬೇಕು. ಮುಂದೆ ಸಿಲಿಕಾ ಕಾಲಮ್, ಅಂದರೆ ಬೆರೆತ ವಸ್ತುಗಳನ್ನು ಬೇರೆಮಾಡುವ ಸಿಲಿಕಾ ಪುಡಿ ತುಂಬಿದ ಕೊಳವೆ. ಕ್ಲೋರೋಫಾರ್ಮ್ ಇಳಿಸಿ ಉಳಿದ ಮಡ್ಡಿಯನ್ನು ನೇರ ಸುರಿದರೆ ಕಾಲಮಿನ ತಲೆಯಲ್ಲೇ ಹೆಪ್ಪುಗಟ್ಟಿ ಹರಿವು ನಿಲ್ಲುತ್ತದೆ, ಏಕೆಂದರೆ ಇದು ಸುಲಭಕ್ಕೆ ಕರಗುವ ವಸ್ತುವಲ್ಲ. ಅದನ್ನು ಒಂದಿಷ್ಟು ಸಿಲಿಕಾಕ್ಕೆ ಹಚ್ಚಿ ಒಣಗಿಸಿ ಮೇಲಿಟ್ಟು, ಕ್ಲೋರೋಫಾರ್ಮಿಗೆ ಮೆಥನಾಲ್ ಅನ್ನು ಶೇ 2ರಿಂದ 5ರವರೆಗೆ ಏರಿಸುತ್ತ ಹೋಗಬೇಕು. 365 ನ್ಯಾನೊಮೀಟರ್ ದೀಪದಡಿ ನೀಲಿ ಚುಕ್ಕೆ ಹೊಳೆಯುವ ಭಾಗಗಳನ್ನು ಕೂಡಿಸಬೇಕು.

ನೀಲಿ ಹೊಳೆದ ಮಾತ್ರಕ್ಕೆ ಗುರುತು ಮುಗಿಯದು. ಇದರ ಸೋದರ, ಅಂದರೆ ಮೆಥಾಕ್ಸಿ ಗುಂಪೊಂದು ಹೆಚ್ಚಿರುವ 9-ಮೆಥಾಕ್ಸಿ ರೂಪವೂ ಜೊತೆಗೇ ಇರುತ್ತದೆ. ಅಣುವಿನ ತೂಕ ತೋರುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ ಪ್ರೋಟಾನ್ ಸೇರಿದ ಅಯಾನು 349ಕ್ಕೆ ಬಂದರೆ ಕ್ಯಾಂಪ್ಟೊಥೆಸಿನ್, 379ಕ್ಕೆ ಬಂದರೆ ಸೋದರ. ಅಣುವಿನ ರಚನೆ ತೋರುವ ಎನ್‌ಎಂಆರ್‌ ಪರೀಕ್ಷೆಯಲ್ಲಿ 0.9 ಪಿಪಿಎಂ ಬಳಿ ಈಥೈಲ್ ಗುಂಪಿನ ಮೂರು ಗೆರೆ ಕಾಣಬೇಕು. 4.0ರ ಬಳಿ ಮೆಥಾಕ್ಸಿಯ ಮೂರು ಪ್ರೋಟಾನಿನ ಒಂಟಿ ಗೆರೆ ಎದ್ದರೆ ಸೋದರ ಇನ್ನೂ ಬೆರೆತಿದೆ.

ಈ ಮರದ ಒಳಗೆ ವಾಸಿಸುವ ಶಿಲೀಂಧ್ರವೊಂದು ಇದೇ ವಸ್ತುವನ್ನು ಮಾಡುತ್ತದೆಂದು 2005ರಲ್ಲಿ ವರದಿಯಾಯಿತು. ಕಾಡಿಗೆ ಬಿಡುವು ಸಿಗುವ ದಾರಿ ಎನಿಸಿತು. ಆದರೆ ಇಂಥ ಶಿಲೀಂಧ್ರಗಳು ಪ್ರಯೋಗಾಲಯದಲ್ಲಿ ಮತ್ತೆಮತ್ತೆ ಬೆಳೆಸಿದಂತೆ ಇಳುವರಿ ಕಳೆದುಕೊಳ್ಳುತ್ತವೆ. ಹಾಗಾಗಿ ಬೇಡಿಕೆ ಮರದ ಮೇಲೇ ಉಳಿಯಿತು. ವಸ್ತುವಿನ ಪ್ರಮಾಣ ಮರದಿಂದ ಮರಕ್ಕೆ ಹಲವು ಪಟ್ಟು ಬದಲಾಗುತ್ತದೆ. ಅದನ್ನು ತಿಳಿಯಲು ಉಗುರಗಲದ ತೊಗಟೆ ಸಾಕು, ಮರ ಉರುಳಬೇಕಿಲ್ಲ. ಒಳ್ಳೆಯ ಮರ ಆರಿಸಿ ಅದರ ಬೀಜದಿಂದ ತೋಪು ಬೆಳೆಸಬಹುದು. ಖರೀದಿ ಮಾತ್ರ ಅದರಲ್ಲಿರುವ ವಸ್ತುವಿನ ಪ್ರಮಾಣದ ಮೇಲಲ್ಲ, ಒಣಮರದ ತೂಕದ ಮೇಲೆ ನಡೆಯುತ್ತ ಬಂತು.