ಗಣಿ ಮುಚ್ಚಿ ಗಿಡ ನೆಟ್ಟರೆ ಸಾಕಲ್ವಾ?

ಪ್ರಶ್ನೆ: ಕಲ್ಲಿದ್ದಲು ಗಣಿ ಮುಗಿದ ಮೇಲೆ ಗುಂಡಿಗೆ ಮಣ್ಣು ತುಂಬಿ ಗಿಡ ನೆಟ್ಟರೆ ಮೊದಲಿನ ಹಾಗೇ ಆಗುತ್ತಲ್ವಾ? ಸ್ಯಾಟಲೈಟ್ ಚಿತ್ರದಲ್ಲಿ ಹಸಿರಾಗೇ ಕಾಣುತ್ತೆ.

ಮತ್ತೆ ಇದೇ ಪ್ರಶ್ನೆ, ಈ ಸಲ ಸುಂಟಿಕೊಪ್ಪದಿಂದ. ಉತ್ತರವೂ ಹಳೆಯದೇ: ಆಗಲ್ಲ. ಕೊಡಗಿನಲ್ಲಿ ಕಲ್ಲಿದ್ದಲೇ ಇಲ್ಲ, ನಮಗ್ಯಾಕೆ ಈ ಉಸಾಬರಿ ಅನ್ನುವವರಿಗೆ ಒಂದು ಮಾತು. ರಾಯಚೂರಿನ ಶಾಖೋತ್ಪನ್ನ ಕೇಂದ್ರ ಉರಿಸುವುದು ತೆಲಂಗಾಣದ ಸಿಂಗರೇಣಿಯಂಥ ಹೊರಗಿನ ಗಣಿಗಳ ಕಲ್ಲಿದ್ದಲನ್ನು. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬರಾಂಜ್ ಗಣಿಯಂತೂ ನಮ್ಮ ರಾಜ್ಯದ ವಿದ್ಯುತ್ ನಿಗಮ ಕೆಪಿಸಿಯ ಪಾಲಿಗೇ ಬಂದಿದ್ದು. ಅದಿರುವ ತಾಲ್ಲೂಕಿನ ಹೆಸರೂ ಭದ್ರಾವತಿ!

ಈಗ ಆ ಹಸಿರಿನ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಯಿಂದ ಹೋಗುವುದಿಲ್ಲ. ಸರ್ಕಾರಿ ಕಂಪನಿ ಕೋಲ್ ಇಂಡಿಯಾದ ತೆರೆದ ಗಣಿಗಳನ್ನು ಅದರದೇ ಗಣಿ ಯೋಜನೆಯ ಅಂಗಸಂಸ್ಥೆ, ರಾಂಚಿಯ ಸಿಎಂಪಿಡಿಐ, ಉಪಗ್ರಹ ಚಿತ್ರ ಇಟ್ಟುಕೊಂಡು ನೋಡುತ್ತದೆ, ದೊಡ್ಡ ಗಣಿಗಳನ್ನು ಪ್ರತಿವರ್ಷ, ಚಿಕ್ಕವನ್ನು ಮೂರು ವರ್ಷಕ್ಕೊಮ್ಮೆ. ಎಷ್ಟು ಜಾಗ ಮುಚ್ಚಿದರು, ಎಷ್ಟರಲ್ಲಿ ಗಿಡ ಇದೆ ಅಂತ ತಿಳಿಯಲು ಅದು ಬೇಕೇ ಬೇಕು. ಆದರೆ ಮೇಲಿನಿಂದ ಕಾಣುವುದು ಎಲೆ ಮಾತ್ರ. ಅಕೇಶಿಯಾಕ್ಕೂ ಎಲೆ ಇದೆ, ಲಂಟಾನಕ್ಕೂ ಇದೆ. ಬರೀ ಸಿಲ್ವರ್ ಓಕ್ ನಿಂತ ತೋಟವೂ ಹಸಿರೇ, ಪಕ್ಕದ ದೇವರಕಾಡೂ ಹಸಿರೇ. ಎರಡೂ ಒಂದೇ ಅಂತ ಕೊಡಗಿನವರು ಯಾರಾದರೂ ಒಪ್ಪುತ್ತಾರಾ? ಹಾಗಾದರೆ ಜಾರ್ಖಂಡ್‌ನ ಗಣಿಗೆ ಮಾತ್ರ ಯಾಕೆ ಬೇರೆ ಲೆಕ್ಕ?

ಕೆಳಗೆ ನೋಡಿ. ದೇವರಕಾಡಿನಲ್ಲಿ ತರಗೆಲೆ ಸರಿಸಿದರೆ ಕಪ್ಪು ಮಣ್ಣು ಬೆರಳಿಗೇ ಉದುರುತ್ತದೆ. ಅದರಲ್ಲಿ ಬೇರಿನ ಜಡೆ, ಬಿಳಿ ನೂಲಿನಂಥ ಶಿಲೀಂಧ್ರ, ಎರೆಹುಳ. ಗಣಿಯಲ್ಲಿ ಈ ಮೇಲ್ಮಣ್ಣನ್ನು ಮೊದಲೇ ಕೆರೆದು ರಾಶಿ ಹಾಕುತ್ತಾರೆ. ಎತ್ತರದ ರಾಶಿಯೊಳಗೆ ವರ್ಷಗಟ್ಟಲೆ ಗಾಳಿಯಾಡದೆ ಬಿದ್ದರೆ ಆ ಜೀವಗಳಲ್ಲಿ ಬಹುಪಾಲು ಸಾಯುತ್ತವೆ. ಗುಂಡಿ ತುಂಬುವುದು ಆಳದಿಂದ ಬಂದ ಕಲ್ಲುಪುಡಿಯಿಂದ. ಅದರ ಮೇಲೆ ಡಂಪರ್ ಓಡಾಡಿ, ಡೋಜರ್ ಹಾಯ್ದು ನೆಲ ಗಟ್ಟಿಯಾಗುತ್ತದೆ, ಹಾರೆ ಹಾಕಿದರೆ ಟಣ್ ಅನ್ನುತ್ತದೆ. ಒಳ್ಳೆ ಕಾಡುಮಣ್ಣು ಘನ ಸೆಂಟಿಮೀಟರಿಗೆ ಹೆಚ್ಚುಕಡಿಮೆ 1 ಗ್ರಾಂ ತೂಗಿದರೆ ಇದು 1.7 ದಾಟುವುದೂ ಉಂಟು. ಅಲ್ಲಿ ಬೇರು ಇಳಿಯುವುದಿಲ್ಲ, ಅಡ್ಡಡ್ಡ ಹರಡಿ ಸುಮ್ನೆ ನಿಂತಿರುತ್ತದೆ.

ಅಮೆರಿಕದವರೂ ಇಲ್ಲೇ ಎಡವಿದ್ದು. ಕಲ್ಲಿದ್ದಲು ತೆಗೆದ ಜಾಗವನ್ನು ಕಂಪನಿಯೇ ಸರಿಪಡಿಸಬೇಕೆನ್ನುವ 1977ರ ಕಾನೂನು ಬಂದ ಮೇಲೆ ಗಣಿ ಜಾಗವನ್ನು ನುಣ್ಣಗೆ ಒತ್ತಿ, ಹುಲ್ಲು ಬಿತ್ತಿ, ಕೆಲಸ ಆಯ್ತು ಅಂದರು. ನೋಡಲು ಚೆಂದ, ಮರ ಮಾತ್ರ ಏಳಲಿಲ್ಲ. 2004ರಿಂದ ಅಲ್ಲಿನ ಕಲ್ಲಿದ್ದಲಿನ ಬೆಟ್ಟಸೀಮೆ ಅಪಲೇಶಿಯಾದಲ್ಲಿ ಉಲ್ಟಾ ಪಾಠ: ಮೇಲಿನ ನಾಲ್ಕು ಅಡಿ ಮಣ್ಣನ್ನು ಒತ್ತಲೇಬೇಡಿ, ಉಬ್ಬುತಗ್ಗಾಗಿ ಸಡಿಲ ಬಿಡಿ.

ಎಷ್ಟು ವರ್ಷ ಕಾಯಬೇಕು? ಅದೇ ಕಾನೂನಿನಲ್ಲಿ ವರ್ಷಕ್ಕೆ 26 ಇಂಚಿಗಿಂತ ಜಾಸ್ತಿ ಮಳೆಯಾಗುವ ಕಡೆ 5 ವರ್ಷ, ಕಡಿಮೆ ಇರುವ ಕಡೆ 10 ವರ್ಷ ಗಿಡಗಳ ಹೊಣೆ ಕಂಪನಿಯದ್ದೇ. ಅಲ್ಲಿವರೆಗೆ ಕಂಪನಿ ಮೊದಲೇ ಇಟ್ಟ ಠೇವಣಿ ಪೂರ್ತಿ ಕೈಗೆ ಬರಲ್ಲ. (ಇಪ್ಪತ್ತಾರು ಇಂಚು! ಮಡಿಕೇರಿಯಲ್ಲಿ ಜುಲೈ ಒಂದೇ ತಿಂಗಳಿಗೆ ಅದು ದಾಟುತ್ತದೆ.) ನೀರನ್ನು ಇನ್ನೂ ಜಾಸ್ತಿ ದಿನ ನೋಡಬೇಕು. ಕಲ್ಲಿನಲ್ಲಿರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ ಗಾಳಿ, ನೀರು ತಗುಲಿದರೆ ಗಂಧಕಾಮ್ಲ ಹುಟ್ಟುತ್ತದೆ. ಈಶಾನ್ಯದ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ. ಮೇಘಾಲಯದಲ್ಲಿ ಗಣಿ ನೀರು ಸೇರುವ ಲುಖಾ ನದಿ ಚಳಿಗಾಲದಲ್ಲಿ ನೀಲಿಯಾಗುತ್ತದೆ, ಮೀನು ಸಾಯುತ್ತವೆ. ಇದು ಯಾವ ಹಸಿರು ನಕ್ಷೆಯಲ್ಲೂ ಕಾಣದು. ಇಳಿಜಾರೂ ಅಷ್ಟೆ. ಜರ್ಮನಿಯ ನಾಖ್ಟರ್‌ಷ್ಟೆಟ್‌ನಲ್ಲಿ ಹಳೇ ಗಣಿಯನ್ನು ಕೆರೆ ಮಾಡುತ್ತಿದ್ದರು. 2009ರ ಜುಲೈನಲ್ಲಿ ದಡ ಕುಸಿದು ಮನೆಗಳ ಸಮೇತ ಮೂವರು ಹೋದರು. ಗಣಿಗಾರಿಕೆ ನಿಂತು ಎಷ್ಟೋ ವರ್ಷವಾಗಿತ್ತು.

ಕುಸಿತ ಅಂದಾಗ ನೆನಪಾಯ್ತು, ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 2018ರಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಜಾರಿದ ಬರೆಗಳಲ್ಲೂ (ಗುಡ್ಡದ ಕಡಿದಾದ ಇಳಿಜಾರು) ಮೇಲ್ಮಣ್ಣು ಹೋಗಿ ಅಡಿಮಣ್ಣು ಬತ್ತಲಾಯಿತು. ಹುಲ್ಲು ಬಂತು, ಹಸಿರಾಯಿತು, "ಸರಿಹೋಯ್ತು" ಅಂತ ಜೆಸಿಬಿ ತಂದು ಮಟ್ಟ ಮಾಡಿ ಕಾಫಿ ಗಿಡ ಇಡುವ ಯೋಚನೆ ಕೆಲವರಿಗೆ. ದಯವಿಟ್ಟು ಮೊದಲು ಒಂದೂವರೆ ಅಡಿ ಅಗೆದು ಬೇರು ಎಲ್ಲಿವರೆಗೆ ಇಳಿದಿದೆ ನೋಡಿ. ಬರೆಯ ನೆತ್ತಿಯಲ್ಲಿ ಬಿರುಕಿದ್ದರೆ ಅದರ ಎರಡೂ ಬದಿಗೆ ಗೂಟ ಹೊಡೆದು ನಡುವಿನ ದೂರವನ್ನು ಟೇಪಿನಲ್ಲಿ ಅಳೆದು ಬರೆದಿಡಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮಳೆ ಹಿಡಿದ ಮೇಲೆ ವಾರಕ್ಕೊಂದು ಸಲ, ದೂರದಲ್ಲೇ ನಿಂತು ನೋಡಿದರೂ ಗೂಟ ವಾಲಿದ್ದು ಗೊತ್ತಾಗುತ್ತದೆ. ದೂರ ಜಾಸ್ತಿಯಾಗುತ್ತಿದ್ದರೆ, ಅಥವಾ ಬುಡದಲ್ಲಿ ಬರುವ ಜಲ ಇದ್ದಕ್ಕಿದ್ದಂತೆ ಕೆಸರಾದರೆ, ಗಿಡದ ಮಾತು ಬಿಡಿ, ಕೆಳಗಿನ ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರನ್ನು ಅವತ್ತೇ ಬೇರೆ ಕಡೆ ಕಳಿಸಿ.